ಎಲ್ಲರದೂ ನೂರೇ ಕುರಿ

ಕೋರ್ಸ್ ಮುಗಿದು ಹನ್ನೊಂದು ತಿಂಗಳಾಗುವ ಹೊತ್ತಿಗೆ ನಾನು ಹಿರಿಯೂರಿನ ತರಕಾರಿ ಮಾರ್ಕೆಟ್ಟಿಗೆ ಹೋಗುವುದನ್ನೇ ಬಿಟ್ಟಿದ್ದೆ. ಅಲ್ಲಿ ಗುರುತಿನವರು ಯಾರಾದರೂ ಸಿಗುತ್ತಿದ್ದರು, ಸಿಕ್ಕವರು ಕೆಲಸ ಆಯ್ತಾ ಎಂದು ಕೇಳುತ್ತಿದ್ದರು. ಮೊದಮೊದಲು ಸಮಾಧಾನವಾಗಿ ವಿವರಿಸುತ್ತಿದ್ದೆ. ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ, ಇದ್ದವರನ್ನೇ ಮನೆಗೆ ಕಳಿಸುತ್ತಿವೆ, ಹಿಂದೆ ನಾಲ್ಕು ಜನ ಹೊಸಬರು ಮಾಡುತ್ತಿದ್ದ ಕೆಲಸವನ್ನು ಈಗ ಒಬ್ಬ ಅನುಭವಸ್ಥ ಕಂಪ್ಯೂಟರಿಗೇ ಹೇಳಿ ಮಾಡಿಸಿಕೊಳ್ಳುತ್ತಾನೆ ಎಂದೆಲ್ಲ. ಅರ್ಧ ಹೇಳುವಷ್ಟರಲ್ಲಿ ಕೇಳಿದವರ ಕಣ್ಣು ಬದನೆಕಾಯಿಯ ಕಡೆ ಹೋಗಿರುತ್ತಿತ್ತು. ಕೊನೆಗೆ ಎಲ್ಲರೂ ಹೇಳುತ್ತಿದ್ದುದು ಒಂದೇ ಮಾತು, ಇದ್ದ ಕೆಲಸ ಬಿಡಬಾರದಿತ್ತು. ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿದ್ದದ್ದನ್ನೇ ಹತ್ತು ಜನರಿಂದ ಹೇಳಿಸಿಕೊಳ್ಳುವುದಕ್ಕಿಂತ ಮನೆಯಲ್ಲಿ ಹುರುಳಿಕಾಳಿನ ಸಾರು ಉಂಡುಕೊಂಡಿರುವುದು ವಾಸಿ ಎನಿಸಿತು.

ಇದ್ದ ಕೆಲಸ ಎಂದರೆ ಹಿರಿಯೂರಿನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್ ಕೆಲಸ, ಗುತ್ತಿಗೆಯದ್ದು. ಆದಿವಾಲದ ಹತ್ತಿರದ ನಮ್ಮ ಹಟ್ಟಿಯಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಒಂಬತ್ತೂವರೆಗೆ ನನ್ನ ಕುರ್ಚಿಯಲ್ಲಿರುತ್ತಿದ್ದೆ. ಜನ ಅರ್ಜಿ ತರುತ್ತಿದ್ದರು, ನಾನು ಅದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೆ. ನಮ್ಮಪ್ಪನ ವಯಸ್ಸಿನವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಕುರಿ ಕಾಯುವವನ ಮಗಳಿಗೆ ಅಷ್ಟು ಸಾಕಿತ್ತು ಎಂದು ಸುತ್ತಲಿನವರಿಗೆ ಅನಿಸಿತ್ತು. ನನಗೆ ಸಾಕಾಗಿರಲಿಲ್ಲ. ಮೂರು ವರ್ಷ ಬೇರೆಯವರು ಮಾಡಿಟ್ಟ ಖಾಲಿ ಚೌಕಗಳನ್ನು ತುಂಬಿ ತುಂಬಿ, ಈ ಚೌಕಗಳನ್ನು ಮಾಡುವವರು ಯಾರು, ಅವರಿಗೆ ನನಗಿಂತ ಏನು ಹೆಚ್ಚು ಗೊತ್ತು ಎಂಬ ಹಟ ಹತ್ತಿತ್ತು. ಆಗಲೇ ಫೋನಿನಲ್ಲಿ ಜಾಹೀರಾತು ಬಂತು. ಚಿತ್ರದುರ್ಗದಲ್ಲೇ, ಆರು ತಿಂಗಳಲ್ಲಿ, ಯಾವ ಡಿಗ್ರಿಯಾದರೂ ಸರಿ, ಸಾಫ್ಟ್‌ವೇರ್ ಡೆವಲಪರ್ ಆಗಿ. ಕೆಲಸ ಇಟ್ಟುಕೊಂಡೇ ಕಲಿಯಲು ಆಗುವುದಿಲ್ಲವೇ ಎಂದು ಅಪ್ಪ ಒಂದು ಸಲ ಕೇಳಿದ. ಆಗುವುದಿಲ್ಲ ಎಂದೆ. ಅವನು ಮತ್ತೆ ಕೇಳಲಿಲ್ಲ.

ಕ್ಲಾಸು ನಡೆಯುತ್ತಿದ್ದುದು ಟೈರಿನ ಅಂಗಡಿಯ ಮೇಲಿನ ಮಹಡಿಯಲ್ಲಿ. ಮಧ್ಯಾಹ್ನದ ಬಿಸಿಲಿಗೆ ರಬ್ಬರಿನ ವಾಸನೆ ಮೇಲಕ್ಕೆ ಏರಿ ತಲೆ ಹಿಡಿಯುತ್ತಿತ್ತು. ನಾವು ಇಪ್ಪತ್ತಾರು ಜನ. ಹೊಳಲ್ಕೆರೆಯಿಂದ, ಹೊಸದುರ್ಗದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವರೇ ಹೆಚ್ಚು. ಮತ್ತೋಡಿನ ಕಡೆಯ ಒಬ್ಬ ಹುಡುಗಿ ನನ್ನ ಪಕ್ಕ ಕೂರುತ್ತಿದ್ದಳು, ನನಗಿಂತ ನಾಲ್ಕು ವರ್ಷ ಚಿಕ್ಕವಳು. ರೈತರ ಮನೆಯವಳು, ಮಾತು ಕಡಿಮೆ, ಬೆರಳು ಚುರುಕು. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುವಷ್ಟು ಸ್ನೇಹವಾಯಿತು. ಕಲಿಸುವ ಮೇಷ್ಟ್ರು ಒಳ್ಳೆಯವರು, ಅದನ್ನು ನಾನು ಈಗಲೂ ಹೇಳುತ್ತೇನೆ. ಕೆಲವು ವರ್ಷ ದೊಡ್ಡ ಕಂಪನಿಯಲ್ಲಿದ್ದು ಊರಿಗೆ ಮರಳಿದವರು. ತಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ನಡೆದದ್ದೆಲ್ಲ ನಮಗೂ ಹಾಗೇ ನಡೆಯುತ್ತದೆ ಎಂದು ಅವರು ಮನಸಾರೆ ನಂಬಿದ್ದರು. ಮೋಸ ಮಾಡಿದ್ದರೆ ಬೈದು ಹಗುರಾಗಬಹುದಿತ್ತು, ನಂಬಿಕೊಂಡು ಹೇಳಿದವರನ್ನು ಏನು ಮಾಡುವುದು?

ಕೋರ್ಸಿನ ಕೊನೆಯಲ್ಲಿ ಒಂದು ಪ್ರಾಜೆಕ್ಟ್ ಮಾಡಬೇಕು, ಕಂಪನಿಯವರು ಅದನ್ನು ನೋಡುತ್ತಾರೆ ಎಂದರು. ಹೋಟೆಲ್ ಊಟವನ್ನು ಮನೆಗೆ ತರಿಸಿಕೊಳ್ಳುವ ವೆಬ್‌ಸೈಟನ್ನು ಹಂತಹಂತವಾಗಿ ಬೋರ್ಡಿನ ಮೇಲೆ ತೋರಿಸಿಕೊಟ್ಟರು. ನಾವು ತೋರಿಸಿದಂತೆ ಮಾಡಿದೆವು. ಇಪ್ಪತ್ತಾರು ಜನ, ಇಪ್ಪತ್ತಾರು ಊಟದ ಸೈಟು, ಎಲ್ಲದರಲ್ಲೂ ಅದೇ ಮಸಾಲೆ ದೋಸೆಯ ಫೋಟೋ. ಎರಡು ಮೂರು ಜನ ದೋಸೆ ತೆಗೆದು ಪಡ್ಡು ಹಾಕಿದ್ದರು, ಅಷ್ಟೇ ವ್ಯತ್ಯಾಸ. ಸರ್ಟಿಫಿಕೇಟ್ ಕೊಟ್ಟ ದಿನ ಮೇಷ್ಟ್ರು ಸಿಹಿ ಹಂಚಿದರು.

ಆಮೇಲೆ ಅರ್ಜಿ ಹಾಕುವ ಕೆಲಸ ಶುರುವಾಯಿತು. ಅದನ್ನು ಕೆಲಸ ಎಂದೇ ಕರೆಯಬೇಕು, ಬೆಳಿಗ್ಗೆ ಕೂತರೆ ಸಂಜೆಯವರೆಗೆ ಅದೇ. ಹೊಸಬರು ಬೇಕಾಗಿದ್ದಾರೆ ಎಂದು ಮೇಲೆ ಬರೆದು ಕೆಳಗೆ ಎರಡು ವರ್ಷದ ಅನುಭವ ಕಡ್ಡಾಯ ಎಂದು ಬರೆದಿರುತ್ತಿದ್ದರು. ಕೆಲವು ಕಡೆಯಿಂದ ಅರ್ಜಿ ಹಾಕಿದ ನಾಲ್ಕನೇ ನಿಮಿಷಕ್ಕೆ ವಿಷಾದದ ಉತ್ತರ ಬರುತ್ತಿತ್ತು. ನಾಲ್ಕು ನಿಮಿಷದಲ್ಲಿ ಯಾವ ಮನುಷ್ಯ ಓದಿ ವಿಷಾದಪಟ್ಟ? ಇನ್ನು ಕೆಲವು ಕಡೆ ಕ್ಯಾಮೆರಾ ಹಚ್ಚಿಕೊಂಡು ಪರೀಕ್ಷೆ ಬರೆಯಬೇಕು. ಹಿಂದೆ ಯಾರೂ ಓಡಾಡಬಾರದು. ನಮ್ಮ ಹಟ್ಟಿಯ ಒಂದೇ ಅಂಕಣದ ಮನೆಯಲ್ಲಿ ಹಿಂದೆ ಓಡಾಡದೆ ಅವ್ವ ಅಡುಗೆ ಮಾಡುವುದು ಹೇಗೆ? ಅವಳ ಸೆರಗು ಕಂಡಿತೆಂದು ಒಂದು ಪರೀಕ್ಷೆ ಅರ್ಧಕ್ಕೇ ನಿಂತುಹೋಯಿತು. ಒಂದು ಕಂಪನಿಯವರು ವಾರವಿಡೀ ಮಾಡುವಷ್ಟು ಕೆಲಸ ಕೊಟ್ಟು, ಇದನ್ನು ಮಾಡಿ ಕಳಿಸಿ, ನೋಡಿ ಹೇಳುತ್ತೇವೆ ಎಂದರು. ಮಾಡಿ ಕಳಿಸಿದೆ. ಅವರು ಇನ್ನೂ ನೋಡುತ್ತಲೇ ಇದ್ದಾರೆ.

ನಮ್ಮ ಬ್ಯಾಚಿನ ಗುಂಪು ಫೋನಿನಲ್ಲಿ ದಿನದಿಂದ ದಿನಕ್ಕೆ ಮೌನವಾಯಿತು. ಹೊಳಲ್ಕೆರೆಯ ಒಬ್ಬ ಅಪ್ಪನ ಕಿರಾಣಿ ಅಂಗಡಿಗೆ ವಾಪಸಾದ. ಇನ್ನೊಬ್ಬ ನಾವು ಕಲಿತ ಕಡೆಯೇ ಸೇರಿಕೊಂಡ, ಹೊಸ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಕೋರ್ಸಿಗೆ ಸೇರಿಸುವ ಕೆಲಸಕ್ಕೆ. ಕೆಲಸ ಸಿಕ್ಕವರ ಪಟ್ಟಿಯಲ್ಲಿ ಅವನ ಫೋಟೋ ಹಾಕಿದರು. ಅದನ್ನು ನೋಡಿದ ದಿನ ನನಗೆ ನಗಬೇಕೋ ಫೋನ್ ಎಸೆಯಬೇಕೋ ತಿಳಿಯಲಿಲ್ಲ.

ಮೇಷ್ಟ್ರನ್ನು ನೋಡಲು ಹೋದಾಗ ಅವರೂ ಸ್ವಲ್ಪ ಇಳಿದುಹೋಗಿದ್ದರು. ಎಲ್ಲರ ಹತ್ತಿರವೂ ಒಂದೇ ಸೈಟು ಇದ್ದರೆ ಯಾರೂ ತಿರುಗಿ ನೋಡುವುದಿಲ್ಲ, ನಿಮ್ಮದೇ ಆದದ್ದು ಏನಾದರೂ ಮಾಡಿ ಎಂದರು. ಇದನ್ನು ಮೊದಲೇ ಹೇಳಬಹುದಿತ್ತಲ್ಲ ಎಂದು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಅವತ್ತು ಮತ್ತೋಡಿನ ಹುಡುಗಿಯೂ ಬಂದಿದ್ದಳು. ಮಹಡಿ ಇಳಿಯುವಾಗ ಅವಳಿಗೆ ಮನೆಯಿಂದ ಫೋನ್ ಬಂತು. ಅವಳಪ್ಪ ಹೊಲಕ್ಕೆ ಕುರಿ ತರುಬಿಸಬೇಕೆಂದು ತಿಂಗಳಿಂದ ಹುಡುಕುತ್ತಿದ್ದಾನೆ, ಹಿಂಡಿನವರು ಯಾರೂ ಸಿಗುತ್ತಿಲ್ಲ, ನಿನ್ನ ಗೆಳತಿಯ ಅಪ್ಪನನ್ನು ಕೇಳು ಎನ್ನುತ್ತಿದ್ದ. ಕುರಿ ತರುಬುವುದು ಎಂದರೆ ಬೆಳೆ ಕೊಯ್ದ ಹೊಲದಲ್ಲಿ ನಾಲ್ಕಾರು ರಾತ್ರಿ ಹಿಂಡನ್ನು ಕೂಡುವುದು. ಹೊಲಕ್ಕೆ ಗೊಬ್ಬರವಾಗುತ್ತದೆ, ಕುರಿಯವನಿಗೆ ದವಸವೋ ದುಡ್ಡೋ ಸಿಗುತ್ತದೆ. ಯಾವ ಹಿಂಡು ಎಲ್ಲಿದೆ ಎಂದು ರೈತನಿಗೆ ಗೊತ್ತಿರುವುದಿಲ್ಲ, ಯಾವ ಹೊಲ ಖಾಲಿ ಇದೆ ಎಂದು ಕುರಿಯವನಿಗೆ ಗೊತ್ತಿರುವುದಿಲ್ಲ. ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ. ನನ್ನದೇ ಆದದ್ದು ಇಷ್ಟು ವರ್ಷ ನಮ್ಮ ಮನೆಯ ಮುಂದೆ ಕುರಿ ಕೂಡುವ ರೊಪ್ಪದಲ್ಲೇ ಕೂಗುತ್ತಿತ್ತು.

ಎರಡು ತಿಂಗಳು ಕೂತು ಹಿಂಡಿನವರನ್ನೂ ಹೊಲದವರನ್ನೂ ಸೇರಿಸುವ ಒಂದು ಸೈಟು ಮಾಡಿದೆ. ಈಗ ಯೋಚಿಸಿದರೂ ಆ ಎರಡು ತಿಂಗಳು ಚೆನ್ನಾಗಿದ್ದವು. ಹಿಂಡಿನ ಯಜಮಾನ, ಫೋನ್ ನಂಬರು, ಈಗಿರುವ ಊರು, ಮುಂದೆ ಹೋಗುವ ಊರು, ಕುರಿಗಳ ಸಂಖ್ಯೆ, ಇಷ್ಟು ಚೌಕಗಳು. ಕ್ಲಾಸಿನಲ್ಲಿ ಕಲಿಸಿದ್ದಂತೆ ಎಲ್ಲವನ್ನೂ ಕಡ್ಡಾಯ ಮಾಡಿದೆ. ಯಾವುದನ್ನಾದರೂ ಖಾಲಿ ಬಿಟ್ಟರೆ ಕೆಂಪು ಗೆರೆ ಬರುತ್ತದೆ, ಮುಂದೆ ಹೋಗುವುದಿಲ್ಲ. ಆ ಕೆಂಪು ಗೆರೆಯನ್ನು ಅವ್ವನಿಗೂ ತೋರಿಸಿದೆ. ಮೂರು ವರ್ಷ ಬೇರೆಯವರ ಕೆಂಪು ಗೆರೆಗೆ ಹೆದರಿದ್ದವಳು ಈಗ ನಾನೇ ಗೆರೆ ಎಳೆಯುವವಳಾಗಿದ್ದೆ.

ಇನ್ನು ಹಿಂಡಿನವರನ್ನು ಸೇರಿಸಬೇಕಿತ್ತು. ಸುಗ್ಗಿ ಮುಗಿದ ಮೇಲೆ, ಹಟ್ಟಿಯ ಸುತ್ತಲೇ ಮೇಯಿಸುವ ಅಪ್ಪನಂಥ ಒಬ್ಬಿಬ್ಬರನ್ನು ಬಿಟ್ಟು, ನಮ್ಮವರೆಲ್ಲ ಪಶ್ಚಿಮಕ್ಕೆ, ಹೊಸದುರ್ಗ ಹೊಳಲ್ಕೆರೆಯ ಕಡೆ ಹೋಗಿರುತ್ತಾರೆ. ಅಪ್ಪನ ಗಾಡಿಯ ಹಿಂದೆ ಕೂತು ನಾನು ಒಂದೊಂದೇ ಹಿಂಡು ಹುಡುಕಿಕೊಂಡು ಹೋದೆ. ಹೊರಕೆರೆದೇವಪುರದ ಆಚೆ ಒಂದು ಜೋಳದ ಕೂಳೆ ಹೊಲದಲ್ಲಿ ನನ್ನ ಸೋದರಮಾವ ಬೀಡು ಬಿಟ್ಟಿದ್ದ. ಕುಂತ್ಕಳ್ರಿ ಎಂದು ಕಂಬಳಿ ಹಾಸಿದ, ಹಾಲು ಕಾಯಿಸಿ ಕೊಟ್ಟ. ಹೆಸರು, ನಂಬರು, ಊರು ಎಲ್ಲ ಹೇಳಿದ. ಕುರಿ ಎಷ್ಟು ಮಾವ ಎಂದು ಕೇಳಿದೆ.

ಮಾವ ಅಪ್ಪನ ಮುಖ ನೋಡಿದ. ಅಪ್ಪ ಬೇರೆ ಕಡೆ ನೋಡಿದ.

"ನೂರು ಅವೆ ಅಂತ ಬರ್ಕ," ಎಂದ ಮಾವ.

ಬರೆದುಕೊಂಡೆ. ಅಲ್ಲಿ ಕಣ್ಣೆದುರಿಗೆ ಮುನ್ನೂರಕ್ಕೆ ಕಡಿಮೆ ಇರಲಿಲ್ಲ. ಆದರೆ ನನಗೆ ಅದರಲ್ಲೇನೂ ತಪ್ಪು ಕಾಣಲಿಲ್ಲ. ಯಾಕೆಂದು ಹೇಳಬೇಕು. ನಮ್ಮವರಲ್ಲಿ ಕುರಿಯ ಲೆಕ್ಕ ಬಾಯಿಬಿಟ್ಟು ಹೇಳುವುದಿಲ್ಲ, ಬೇರೆಯವರದನ್ನು ಕೇಳುವುದೂ ಇಲ್ಲ. ಹೇಳಿದರೆ ಕಣ್ಣು ಬೀಳುತ್ತದೆ, ಹಿಂಡು ಕರಗುತ್ತದೆ ಎಂದು ನಂಬಿಕೆ. ಎಣಿಸುವುದೂ ಇಲ್ಲ. ಸಂಜೆ ರೊಪ್ಪಕ್ಕೆ ಕೂಡುವಾಗ ಅಪ್ಪ ಬಾಗಿಲಲ್ಲಿ ನಿಂತು ಸುಮ್ಮನೆ ಮುಖ ನೋಡುತ್ತಾನೆ. ಒಂದು ಬಂದಿಲ್ಲದಿದ್ದರೆ ಯಾವುದು ಬಂದಿಲ್ಲ ಎಂದು ಅವನಿಗೆ ಗೊತ್ತಾಗುತ್ತದೆ, ಎಷ್ಟು ಬಂದಿವೆ ಎಂದು ಗೊತ್ತಿರುವುದಿಲ್ಲ. ಚುಚ್ಚುಮದ್ದಿನವರು ಕೇಳಿದರೂ, ಜನ ಕೇಳಿದರೂ, ನೂರು ಎಂದು ಹೇಳಿ ಮುಗಿಸುತ್ತಾರೆ. ಹುಟ್ಟಿದಾಗಿನಿಂದ ಕೇಳಿದ ಮಾತಾದ್ದರಿಂದ ನನ್ನ ಕಿವಿಗೆ ಅದು ಒಂದು ಸಂಖ್ಯೆಯಾಗಿ ಬೀಳಲೇ ಇಲ್ಲ. ಮೂವತ್ತನಾಲ್ಕು ಹಿಂಡಿನವರು ಸೇರಿದರು, ಮೂವತ್ತನಾಲ್ಕು ಸಲ ನೂರು ಎಂದು ಒತ್ತಿದೆ. ಕೊನೆಯದು ನಮ್ಮದೇ ಹಿಂಡು. ಅದಕ್ಕೆ ಯಾರನ್ನೂ ಕೇಳಲಿಲ್ಲ.

ಅಷ್ಟರಲ್ಲಿ ಚಿತ್ರದುರ್ಗದಲ್ಲೇ ಒಂದು ಸಣ್ಣ ಕಂಪನಿ ಆಫೀಸು ತೆರೆಯುತ್ತಿದೆ, ಇಬ್ಬರು ಬೇಕಂತೆ ಎಂಬ ಸುದ್ದಿ ಮೇಷ್ಟ್ರಿಂದ ಬಂತು. ಹೈವೇ ಪಕ್ಕದ ಹೊಸ ಕಟ್ಟಡ, ಮನೆಯಿಂದ ಓಡಾಡುವ ದೂರ. ಒಂದು ಷರತ್ತಿತ್ತು. ಕೋರ್ಸ್ ಮುಗಿಸಿ ಒಂದು ವರ್ಷ ದಾಟಿರಬಾರದು. ನಾನು ಗಮನಿಸಿದ್ದೆ, ಹೊಸಬರನ್ನು ಕರೆಯುವವರೆಲ್ಲ ಈ ಷರತ್ತು ಹಾಕುತ್ತಿದ್ದರು. ನನ್ನ ವರ್ಷ ಮುಗಿಯಲು ಇನ್ನು ಮೂರು ವಾರವಿತ್ತು. ಅದಾದ ಮೇಲೆ ನಾನು ಹೊಸಬಳೂ ಅಲ್ಲ, ಅನುಭವವಿದ್ದವಳೂ ಅಲ್ಲ. ಹಳೆಯ ಕುರ್ಚಿಯಲ್ಲಿ ಬೇರೆಯವರು ಕೂತಾಗಿತ್ತು. ಇದೊಂದು ಕೈತಪ್ಪಿದರೆ ಅರ್ಜಿ ಹಾಕಲು ಅರ್ಹತೆಯೇ ಇಲ್ಲದ ಇಪ್ಪತ್ತೇಳು ವರ್ಷದ ಹೆಂಗಸಾಗಿ ಹಟ್ಟಿಯಲ್ಲಿ ಕೂರಬೇಕಿತ್ತು. ಇದನ್ನು ನಾನು ಮನೆಯಲ್ಲಿ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಅಪ್ಪ ಕೇಳಿಸಿಕೊಂಡ.

ಲಿಖಿತ ಪರೀಕ್ಷೆಗೆ ನೂರಾರು ಜನ ಬಂದಿದ್ದರು. ಐದಾರು ವರ್ಷ ಕೆಲಸ ಮಾಡಿ ಮನೆಗೆ ಬಂದವರೂ ಸರ್ಟಿಫಿಕೇಟ್ ಮಾಡಿಸಿಕೊಂಡು ಹೊಸಬರ ಸಾಲಿನಲ್ಲಿ ನಿಂತಿದ್ದರು. ಅವರ ಮೇಲೆ ಸಿಟ್ಟು ಬಂತು, ಆಮೇಲೆ ಅವರ ಮುಖ ನೋಡಿ ಸಿಟ್ಟು ಮಾಡಲೂ ಆಗಲಿಲ್ಲ. ಕೊನೆಗೆ ಉಳಿದವರು ಆರು ಜನ. ಅದರಲ್ಲಿ ನಾನಿದ್ದೆ, ಮತ್ತೋಡಿನವಳೂ ಇದ್ದಳು. ಇಬ್ಬರು ಬೇಕು, ನಾವಿಬ್ಬರೇ ಆದರೆ ಹೇಗಿರುತ್ತದೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ತಿನ್ನುತ್ತಾ ಇಬ್ಬರೂ ಬಹಳ ಮಾತಾಡಿದೆವು.

ಸಂದರ್ಶನಕ್ಕೆ ಕೂತಿದ್ದವನು ನನ್ನ ವಯಸ್ಸಿನವನೇ ಇರಬೇಕು. ಮೈಸೂರು ಕಡೆಯ ಕನ್ನಡ, ಮೃದು ಮಾತು. ಮೊದಲ ಇಪ್ಪತ್ತು ನಿಮಿಷ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರಿಸಿದೆ. ನನ್ನ ಸೈಟು ತೆರೆದು, ಇದನ್ನು ಬೇರೆ ಯಾರ ಹತ್ತಿರವೂ ನೋಡಿಲ್ಲ, ಬಹಳ ಚೆನ್ನಾಗಿದೆ ಎಂದ. ನನ್ನ ಬೆನ್ನು ನೆಟ್ಟಗಾಯಿತು. ಆಮೇಲೆ ಹಿಂಡಿನ ಪಟ್ಟಿ ತೆಗೆದ. ಮೇಲಿನಿಂದ ಕೆಳಗಿನವರೆಗೆ ಬೆರಳಿನಿಂದ ಎಳೆದ, ಮತ್ತೆ ಕೆಳಗಿನಿಂದ ಮೇಲಕ್ಕೆ ಎಳೆದ. ನೂರು, ನೂರು, ನೂರು. ಆಗ ಮೊದಲ ಸಲ ಅದು ನನ್ನ ಕಣ್ಣಿಗೂ ಬಿತ್ತು.

ಇದೆಲ್ಲ ಸುಮ್ಮನೆ ತುಂಬಿಸಿದ್ದಲ್ಲವೇ ಎಂದು ಕೇಳಿದ. ಅಲ್ಲ, ನಿಜವಾದ ಹಿಂಡುಗಳು, ಬೇಕಾದರೆ ಯಾರಿಗಾದರೂ ಫೋನ್ ಮಾಡಿ ಎಂದೆ. ಸುಮ್ಮನೆ ತುಂಬಿಸಿದ್ದರೆ ತಪ್ಪೇನಿಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ, ಆದರೆ ಬಯೋಡೇಟಾದಲ್ಲಿ ಮೂವತ್ತನಾಲ್ಕು ನಿಜವಾದ ಬಳಕೆದಾರರು ಎಂದು ಬರೆದಿದ್ದೀರಿ ಎಂದ. ನಾನು ನಮ್ಮವರ ಪದ್ಧತಿ ವಿವರಿಸಿದೆ. ಅಲ್ಲಲ್ಲಿ ಮಾತು ತೊಡರಿತು, ಆದರೂ ಪೂರ್ತಿ ಹೇಳಿದೆ. ಅವನು ಕುರ್ಚಿಯಲ್ಲಿ ಮುಂದೆ ಬಂದು ಆಸಕ್ತಿಯಿಂದಲೇ ಕೇಳಿದ. ನಂಬಿದ ಎಂದುಕೊಂಡೆ. ಆಗ ಕೇಳಿದ:

"ಸರಿ, ಬೇರೆಯವರದು ಬಿಡಿ. ನಿಮ್ಮ ಮನೆಯಲ್ಲಿ ಎಷ್ಟು ಕುರಿ ಇವೆ?"

"ನೂರು ಅವೆ ಸರ್," ಎಂದೆ.

ಬಾಯಿಂದ ಅದು ತಾನಾಗಿ ಬಂತು. ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಇನ್ನೂರು ದಾಟಿವೆ ಎಂದು ನನಗೆ ಗೊತ್ತಿತ್ತು, ಇನ್ನೂರು ಚಿಲ್ಲರೆ ಎಂದಿದ್ದರೂ ನಡೆಯುತ್ತಿತ್ತು. ಬಿಎಸ್ಸಿ ಓದಿ, ಮೂರು ವರ್ಷ ಆಫೀಸಿನಲ್ಲಿ ಕೂತು, ಆರು ತಿಂಗಳು ರಬ್ಬರಿನ ವಾಸನೆ ಕುಡಿದು, ಕೊನೆಗೆ ಆ ಕುರ್ಚಿಯಲ್ಲಿ ನಮ್ಮ ಸೋದರಮಾವನ ಹಾಗೆ ಉತ್ತರ ಕೊಟ್ಟೆ. ಅವನು ನಕ್ಕ. ಕೆಟ್ಟ ನಗುವಲ್ಲ. ಆಮೇಲೆ ಒಂದು ಮಾತು ಹೇಳಿದ, ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

"ನಿಮ್ಮ ಜನ ಲೆಕ್ಕ ಹೇಳುವುದಿಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತು. ಮತ್ತೆ ಲೆಕ್ಕ ಹೇಳದೆ ಮುಂದೆ ಹೋಗದಂಥ ಫಾರ್ಮ್ ಮಾಡಿದ್ದು ಯಾಕೆ?"

ಹಿಂಡು ದೊಡ್ಡದೋ ಸಣ್ಣದೋ ಎಂದು ಕೇಳಿದ್ದರೆ ಸಾಕಿತ್ತು, ಎಷ್ಟು ಎಕರೆಗೆ ಎಷ್ಟು ರಾತ್ರಿ ಬೇಕು ಎಂದು ಕೇಳಿದ್ದರೆ ಸಾಕಿತ್ತು. ನಮ್ಮವರು ಹಾಗೇ ತಾನೇ ಮಾತಾಡುವುದು. ಕಂಪ್ಯೂಟರಿನ ಮುಂದೆ ಕೂತ ತಕ್ಷಣ ನಾನು ಯಾರ ಮಗಳೆಂಬುದು ಮರೆತುಹೋಯಿತು, ಸಂದರ್ಶನದಲ್ಲಿ ನೆನಪಿರಬಾರದ ಹೊತ್ತಿಗೆ ಸರಿಯಾಗಿ ನೆನಪಾಯಿತು. ಅವನು ಕಡೆಗಣಿಸಿ ಮಾತಾಡಿದ್ದರೆ ನಾನೂ ಒಂದು ಮಾತು ತಿರುಗಿಸಿ ಬರುತ್ತಿದ್ದೆ. ಅವನು ಸರಿಯಾದದ್ದನ್ನೇ ಹೇಳಿದ್ದ, ನಮಸ್ಕಾರ ಹೇಳಿ ಎದ್ದು ಬಂದೆ.

ಮಾರನೆಯ ದಿನ ಮಧ್ಯಾಹ್ನ ಮತ್ತೋಡಿನವಳ ಫೋನ್ ಬಂತು. ಅವಳಿಗೆ ಸಿಕ್ಕಿತ್ತು. ಇನ್ನೊಂದು ಜಾಗ ಚಳ್ಳಕೆರೆಯ ಒಬ್ಬ ಅನುಭವಸ್ಥನಿಗೆ ಹೋಗಿತ್ತು. ಅವಳು ಖುಷಿಯನ್ನು ಅಡಗಿಸಿಕೊಂಡು ಮಾತಾಡುತ್ತಿದ್ದಳು, ನನ್ನ ಸಲುವಾಗಿ. ಅವಳು ತೋರಿಸಿದ್ದು ಅದೇ ಊಟದ ಸೈಟು. ಅದರೊಳಗಿನ ಹೋಟೆಲುಗಳು, ಗಿರಾಕಿಗಳು, ಅವರು ಕೊಟ್ಟ ನಾಲ್ಕು ಚುಕ್ಕೆ ಮೂರು ಚುಕ್ಕೆ ಎಲ್ಲವನ್ನೂ ಅವಳು ಹೊಸದುರ್ಗದ ಬಸ್ಸಿನಲ್ಲಿ ಕೂತು ಮನಸ್ಸಿಗೆ ಬಂದಂತೆ ಬರೆದಿದ್ದಳು. ಒಂದಕ್ಕಿಂತ ಒಂದು ಬೇರೆ, ನೋಡಿದರೆ ನಿಜವೇ. ಯಾರೂ ಏನೂ ಕೇಳಲಿಲ್ಲ ಕಣಕ್ಕ ಎಂದಳು. ನಾನು ಒಳ್ಳೆಯದಾಯಿತು ಎಂದೆ. ಫೋನ್ ಇಟ್ಟ ಮೇಲೆ ಅವಳ ಮೇಲೆ ಎಷ್ಟು ಹೊಟ್ಟೆಕಿಚ್ಚಾಯಿತೆಂದರೆ, ಒಂದೇ ಡಬ್ಬಿಯಲ್ಲಿ ಉಂಡದ್ದೆಲ್ಲ ನೆನೆದು ನನಗೇ ನಾಚಿಕೆಯಾಯಿತು. ಅವಳು ಕಷ್ಟಪಟ್ಟು ಓದಿದವಳು, ಅವಳಿಗೆ ಸಿಗಬೇಕಾದದ್ದೇ. ಆದರೂ ಹೊಟ್ಟೆಕಿಚ್ಚು ಹೋಗಲಿಲ್ಲ.

ಸಂಜೆ ಅಪ್ಪ ಬಂದು ಕೈಕಾಲು ತೊಳೆದುಕೊಂಡು, ಅವರು ಏನಂದರು ಎಂದು ಕೇಳಿದ. ಆಗ ನಾನು ನಿಜ ಹೇಳಬೇಕಿತ್ತು. ಕೆಲಸ ಹೋಯಿತು ಎಂದರೆ ಅವ್ವ ಅಳುತ್ತಾಳೆ, ಮಾರ್ಕೆಟ್ಟಿನವರ ಮಾತು ಮನೆಯೊಳಗೂ ಶುರುವಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ನನಗೆ ಯಾರ ಮೇಲಾದರೂ ಹಾಕಬೇಕಿತ್ತು. ಇನ್ನೂ ಏನೂ ಹೇಳಿಲ್ಲ, ನಿಮ್ಮ ಕುರಿ ಲೆಕ್ಕದಿಂದಲೇ ನಿಂತಿದೆ, ಎಲ್ಲರದೂ ನೂರು ಎಂದರೆ ಯಾರು ನಂಬುತ್ತಾರೆ ಎಂದು ರೇಗಿದೆ. ನಿಮ್ಮ ಕುರಿ ಎಂದೆ, ನಮ್ಮ ಕುರಿ ಎನ್ನಲಿಲ್ಲ. ಅಪ್ಪ ಮುದ್ದೆ ಉಂಡು ಎದ್ದ.

ಮೂರು ದಿನ ಕಳೆಯಿತು. ನಾಲ್ಕನೇ ದಿನ ಬೆಳಿಗ್ಗೆ ನಾನು ಬಾಗಿಲಲ್ಲಿ ಕೂತು ಫೋನಿನಲ್ಲಿ ಅರ್ಜಿಗಳನ್ನು ನೋಡುತ್ತಿದ್ದೆ. ದಿನಾ ಆ ಹೊತ್ತಿಗೆ ಹಿಂಡು ಹೊರಟುಹೋಗಿರುತ್ತಿತ್ತು. ಅವತ್ತು ಅಪ್ಪ ರೊಪ್ಪದ ಬಾಗಿಲನ್ನು ಒಂದು ಕುರಿ ಹೊರಬೀಳುವಷ್ಟೇ ತೆರೆದು, ಒಂದೊಂದನ್ನೇ ಬಿಡುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ನಡುವೆ ಒಮ್ಮೆ ನಾಲ್ಕೈದು ಒಟ್ಟಿಗೆ ನುಗ್ಗಿದಾಗ ಎಲ್ಲವನ್ನೂ ಮತ್ತೆ ಒಳಗೆ ಕೂಡಿ ಮೊದಲಿನಿಂದ ಶುರುಮಾಡಿದ. ನನಗೆ ಏನು ನಡೆಯುತ್ತಿದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಎದ್ದು ಹೋಗಿ ತಡೆಯಬೇಕಿತ್ತು. ಕೂತೇ ನೋಡಿದೆ.

ಎಲ್ಲ ಮುಗಿಸಿ ಅವನು ನನ್ನ ಹತ್ತಿರ ಬಂದ. ತಲೆಯ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ.

"ಇನ್ನೂರ ಮೂವತ್ತೊಂದು ಅವೆ, ಮರಿ ಬಿಟ್ಟು," ಎಂದ. ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. "ಅವ್ರಿಗೆ ಕಳ್ಸವ್ವ. ನಿಮ್ಮಾವಂಗೂ ಹೇಳೀನಿ, ಬೈದ, ಆದ್ರೂ ಎಣ್ಸಿ ಹೇಳ್ತಾನೆ. ಎಲ್ರುದೂ ಆಗುತ್ತೆ. ಒಂದೆಂಟ್ ದಿನ ತಡೀರಿ ಅನ್ನು ಅವ್ರಿಗೆ."

ಮೂವತ್ತು ವರ್ಷ ಯಾರಿಗೂ ಹೇಳದ ಲೆಕ್ಕವನ್ನು ಅಪ್ಪ ನನ್ನ ಕೆಲಸಕ್ಕೆಂದು ಹೇಳಿದ್ದ. ಆ ಕೆಲಸ ನಾಲ್ಕು ದಿನದ ಹಿಂದೆಯೇ ಬೇರೆಯವರದಾಗಿತ್ತು. ಈಗಲಾದರೂ ಹೇಳು, ಈಗಲಾದರೂ ಹೇಳು ಎಂದು ಒಳಗೆ ಯಾರೋ ಕೂಗುತ್ತಿದ್ದರು. ಅವನು ನಿಂತೇ ಇದ್ದ. ನಾನು ಒಳಗೆ ಹೋಗಿ ಲ್ಯಾಪ್‌ಟಾಪ್ ತಂದು, ಅವನ ಮುಂದೆಯೇ ನಮ್ಮ ಹಿಂಡಿನ ಸಾಲು ತೆರೆದು, ನೂರನ್ನು ಅಳಿಸಿ ಇನ್ನೂರ ಮೂವತ್ತೊಂದು ಎಂದು ಒತ್ತಿದೆ. ಮುಟ್ಟಿತಾ ಎಂದು ಕೇಳಿದ. ಮುಟ್ಟಿತು ಎಂದೆ.

ಅಪ್ಪ ಸಂಜೆ ಬೇಗ ಬಂದ. ರೊಪ್ಪಕ್ಕೆ ಕೂಡುವಾಗ ಮತ್ತೆ ಒಂದೊಂದನ್ನೇ ಬಿಟ್ಟ, ಮತ್ತೆ ತುಟಿ ಅಲ್ಲಾಡಿಸಿದ. ಬಾಯಿಬಿಟ್ಟು ಹೇಳಿದ ಮೇಲೆ ಅವನಿಗೆ ಹೆದರಿಕೆ ಹತ್ತಿದೆ, ಬರಿಯ ಮುಖ ನೋಡಿದರೆ ಧೈರ್ಯ ಸಾಲುವುದಿಲ್ಲ. ಕಳೆದ ತಿಂಗಳು ಎರಡು ಕುರಿ ಸತ್ತವು. ಎಲ್ಲರ ಹಿಂಡಿನಲ್ಲೂ ಸಾಯುವಂತೆ ಸತ್ತವು, ಅದಕ್ಕೆ ಬೇರೆ ಕಾರಣವಿಲ್ಲ ಎಂದು ನಾನು ಹೇಳಿದೆ, ಅಪ್ಪನೂ ಹೌದೆಂದ. ನನ್ನ ವರ್ಷ ಮುಗಿದು ಆರು ವಾರವಾಯಿತು. ಕಂಪನಿಯವರು ಏನಂದರು ಎಂದು ಅವನು ಈಗ ಕೇಳುವುದಿಲ್ಲ. ದಿನಾ ಎರಡು ಹೊತ್ತು ಎಣಿಸುತ್ತಾನೆ. ನಾನು ಇನ್ನೂ ಹೇಳಿಲ್ಲ.